ಓಮಾನಿಗೆ ಹೊರಟ ಚೀಲ ಎದುರುಮನೆಯಲ್ಲಿ

ಅಣ್ಣ ಓಮಾನಿನ ಬಂದರೊಂದರಲ್ಲಿ ಕ್ರೇನ್ ನಡೆಸುತ್ತಾನೆ. ನಾಲ್ಕು ವರ್ಷ ಫೋನಿನಲ್ಲೇ ಸಂಸಾರ ಮಾಡಿದ ಮೇಲೆ ಮನೆಯವರನ್ನು ಕರೆಸಿಕೊಳ್ಳಲು ಅವನಿಗೆ ಅನುಮತಿ ಸಿಕ್ಕಿತು. ಅವನ ಹೆಂಡತಿ, ಅಂದರೆ ನನ್ನ ವೈನಿ, ಮತ್ತು ಏಳು ವರ್ಷದ ಮಗಳು ರವಿವಾರದ ವಿಮಾನಕ್ಕೆ ಹೊರಡಬೇಕು. ಆ ವಾರ ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಬಾಲಗಾಂವದ ನಮ್ಮ ಮನೆಯಲ್ಲಿ ಎಲ್ಲರಿಗೂ ಕೆಲಸ. ಅವ್ವ ಶೇಂಗಾ ಚಟ್ನಿ ಕುಟ್ಟಿದಳು. ಅಪ್ಪ ಕುರಿ ತೂಗುವ ತಕ್ಕಡಿಗೆ ಸೂಟ್‌ಕೇಸು ನೇತುಹಾಕಿ, ತೂಕ ಮೀರಿತೆಂದು ಚಟ್ನಿ ತೆಗೆಸಿದ. ಅವ್ವ ಮತ್ತೆ ತುಂಬಿದಳು. ಎಲ್ಲರ ತಪ್ಪು ತೋರಿಸುವುದು ನನ್ನ ಕೆಲಸ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಢಾಲು ಗೆದ್ದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಮೊದಲ ತಕರಾರು ಆಯಿಯದು, ಅಂದರೆ ಅಪ್ಪನ ಅವ್ವನದು. ರವಿವಾರ ಪಡುವಣಕ್ಕೆ ಹೋಗಬಾರದಂತೆ.

"ಹಂಗಾರ ಸೋಮವಾರ ಹಾರಸ್ರಿ ಅಂತ ವಿಮಾನದವ್ರಿಗೆ ಹೇಳೂಣೇನು?" ಎಂದೆ.

"ಪ್ರಸ್ಥಾನ ಇಟ್ರ ಆತು, ವಕೀಲಬಾಯಿ. ಇಮಾನ ಯಾವಾಗರ ಹಾರಲಿ."

ಒಳ್ಳೆಯ ದಿನ ನೋಡಿ ಪ್ರಯಾಣದ ಒಂದು ಗಂಟನ್ನು ಬೇರೆಯವರ ಮನೆಯಲ್ಲಿಡುವುದೇ ಪ್ರಸ್ಥಾನ. ಗಂಟು ಹೊಸ್ತಿಲು ದಾಟಿದರೆ ಮನುಷ್ಯರೂ ಹೊರಟಂತೆ. ಆದರೆ ಹೊರಡುವ ತನಕ ಅದು ಅಲ್ಲಿಂದ ಕದಲಬಾರದು, ಮರಳಿ ಮನೆಗೆ ಬರಬಾರದು. ಬಂದರೆ ಪ್ರಯಾಣ ಮುರಿಯುತ್ತದೆ.

"ಇದು ಪಂಚಾಂಗಕ್ಕ ಮೋಸ ಮಾಡೂ ಉಪಾಯ. ದೇವ್ರಿಗೆ ಗೊತ್ತಾಗೂದಿಲ್ಲೇನು?"

"ಗೊತ್ತಾಗ್ತೈತಿ. ಆದ್ರ ಆಂವ ನಿನ್ನಂಗ ವಾದಾ ಮಾಡೂದಿಲ್ಲ."

ಕುರಿ ಹಿಂಡಿನ ಬೆನ್ನು ಹತ್ತಿ ಪ್ರತಿವರ್ಷ ಕೃಷ್ಣೆಯ ದಂಡೆಗೆ ಮನೆ ಎತ್ತಿಕೊಂಡು ಹೋದವಳು ಆಯಿ. ಊರು ಬಿಡುವ ವಿದ್ಯೆಯಲ್ಲಿ ಅವಳ ಮುಂದೆ ನಮ್ಮದೇನೂ ನಡೆಯದು. ಗುರುವಾರ ಮುಂಜಾನೆ ವೈನಿ ಒಂದು ಕೈಚೀಲವನ್ನು ಎದುರುಮನೆಯ ಕಾಕೂ ಅವರ ಪಡಸಾಲೆಯಲ್ಲಿಟ್ಟು ಬಂದಳು.

ಶುಕ್ರವಾರ ಬೆಳಿಗ್ಗೆ ಅಣ್ಣನ ಫೋನು. ಮಗಳ ಶಾಲೆ ಬಿಟ್ಟ ದಾಖಲೆಯ ಮೇಲೆ ಸಾಂಗ್ಲಿಯ ಶಿಕ್ಷಣ ಕಚೇರಿಯ ಶಿಕ್ಕಾ, ಮುದ್ರೆ ಬೇಕು. ಇಲ್ಲದಿದ್ದರೆ ಅಲ್ಲಿನ ಶಾಲೆ ಸೇರಿಸಿಕೊಳ್ಳುವುದಿಲ್ಲ. ಆ ಮಾತು ಅವನು ಕಳಿಸಿದ್ದ ಪಟ್ಟಿಯಲ್ಲೇ ಇತ್ತು. ಪಟ್ಟಿಯನ್ನು ಮೂರು ಸಲ ಓದಿ, ಎಷ್ಟುದ್ದ ಎಂದು ನಕ್ಕವಳು ನಾನೇ. ನಾಳೆ, ನಾಡಿದ್ದು ಕಚೇರಿಗೆ ರಜೆ.

"ಇವತ್ತ ಆಗ್ಲಿಲ್ಲಂದ್ರ ಟಿಕೆಟ್ ರದ್ದ ಮಾಡ್ತೀನಿ. ಹುಡುಗಿ ಸಾಲಿ ಹಾಳಾಗೂದು ಬ್ಯಾಡ. ಮುಂದಿನ ವರ್ಷ ಬರ್ರಿ," ಎಂದ.

ಕಪಾಟು ತೆರೆದ ವೈನಿ ಹಾಗೇ ನಿಂತಳು. "ಫೈಲ್ ಪ್ರಸ್ಥಾನದ ಚೀಲದಾಗ ಐತಿ."

"ಅದರಾಗ ಯಾಕ ಇಟ್ರಿ?"

"ಯಾವುದಿಲ್ಲದ ಪ್ರಯಾಣ ಆಗೂದಿಲ್ಲೋ ಅದನ್ನ ಇಡು ಅಂದ್ರು ಆಯಿ. ಒಂದ ಹಿಡಿ ಅಕ್ಕಿ, ಫೈಲು. ಬ್ಯಾರೆ ಏನೂ ಹೊಳೀಲಿಲ್ಲ."

ಜನ ಪ್ರಸ್ಥಾನಕ್ಕೆ ಒಂದು ಸೀರೆ ಇಡುತ್ತಾರೆ. ಆದರೂ ವೈನಿಯ ತರ್ಕದಲ್ಲಿ ದೋಷ ಹುಡುಕಲು ನನಗಾಗಲಿಲ್ಲ. ತರುತ್ತೇನೆಂದು ಚಪ್ಪಲಿ ಮೆಟ್ಟಿದರೆ, ಆಯಿ ಹೊಸ್ತಿಲಿಗೆ ಅಡ್ಡ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದಳು. "ಅಲ್ಲಿಂದ ಹಿಂದಕ್ಕ ತಂದೀ, ನೋಡು!"

ಕಾಗದಕ್ಕೆ ಶಕುನ ತಿಳಿಯದು ಎಂದೆ, ಅಣ್ಣ ಹೋದಾಗ ಪ್ರಸ್ಥಾನವನ್ನೇ ಇಟ್ಟಿರಲಿಲ್ಲ ಎಂದೆ. ("ಅದಕ್ಕ ನಾಕು ವರ್ಷ ಒಬ್ಬನ ಕುಂತಾನ," ಎಂದಳು ಆಯಿ.) ಕೊನೆಗೆ ವೈನಿಯತ್ತ ತಿರುಗಿದೆ. "ನೀವರ ಇದನ್ನ ನಂಬ್ತೀರೇನ್ರಿ?"

"ನಂಬೂದಿಲ್ಲ. ಆದ್ರ ನಾಕು ವರ್ಷ ಕಾದೀನಿ. ಈಗ ಪರೀಕ್ಷಾ ಮಾಡಿ ನೋಡಾಕ ನನಗ ಧೈರ್ಯ ಇಲ್ಲ."

ಸಾಂಗ್ಲಿಯ ದಾರಿ ಹಿಡಿಯಲು ಜತ್ತದ ಬಸ್ಸಿಗೆ ಇನ್ನು ಸ್ವಲ್ಪವೇ ಹೊತ್ತು. ಚರ್ಚೆಯಲ್ಲಿ ಎದುರಾಳಿಯ ಮಾತು ಮುರಿಯದಿದ್ದರೆ ಅದನ್ನೇ ಒಪ್ಪಿಕೊಂಡು ಮುಂದೆ ನಡೆಯಬೇಕು.

"ಆಯಿ, ಚೀಲ ನಿನ್ನೆನ ಹೊಂಟೈತಿ, ಹೌದಿಲ್ಲೋ?"

"ಹೌದು."

"ಪಡುವಣಕ್ಕ?"

"ಮತ್ತ?"

"ಸಾಂಗ್ಲಿ ಯಾವ ಕಡೆ ಐತಿ?"

ಆಯಿ ಎಲೆ ಮಡಚುವುದನ್ನು ನಿಲ್ಲಿಸಿದಳು. ಸಾಂಗ್ಲಿಯೂ ಪಡುವಣಕ್ಕೇ.

"ಹೊಂಟದ್ದು ಮುಂದ ಹೋದ್ರ ತಪ್ಪೇನೈತಿ? ತಿರುಗಿ ಕಾಕೂ ಮನ್ಯಾಗ ತಂದಿಡ್ತೀನಿ. ನಮ್ಮ ಹೊಸ್ತಿಲಾ ದಾಟೂದಿಲ್ಲ."

ಆಯಿ ಎಲೆ ಬಾಯಿಗಿಟ್ಟಳು. "ಹಿಂಡು ನೀರಿಗೆ ಹೋಗಿ ಹಟ್ಟಿಗೆ ಬಂದ್ರ, ಹಿಂದಕ್ಕ ಬಂತು ಅನ್ನೂದಿಲ್ಲ. ಲಗೂನ ಹೋಗು."

ಸಾಂಗ್ಲಿಯ ಕಚೇರಿಯಲ್ಲಿ ಫೈಲಿನ ಜೊತೆ ಅಕ್ಕಿ ಕಾಳೂ ಮೇಜಿನ ಮೇಲೆ ಉದುರಿದವು. ಗುಮಾಸ್ತರು ಅವನ್ನು ನೋಡಿ, ಪ್ರಸ್ಥಾನವೇ ಎಂದು ಮರಾಠಿಯಲ್ಲಿ ಕೇಳಿದರು. ತಲೆಯಾಡಿಸಿದೆ. ಕಾಳುಗಳನ್ನು ಒಂದೊಂದಾಗಿ ಆರಿಸಿ ನನ್ನ ಕೈಗೆ ಕೊಟ್ಟು, ಆಮೇಲೆ ಶಿಕ್ಕಾ ಒತ್ತಿದರು.

ಸಂಜೆ ಚೀಲವನ್ನು ಕಾಕೂ ಮನೆಯಲ್ಲಿಟ್ಟು ಬಂದರೆ, ಆಯಿ ಇನ್ನೂ ಹೊಸ್ತಿಲಲ್ಲೇ.

"ಎಲ್ಲಿಗಿ ಬಂದಿ?"

"ಮನಿಗಿ."

"ಪ್ರಸ್ಥಾನ ಹೊತ್ಕೊಂಡು ಹೋದಾಕಿ ನೀ. ಚೀಲ ಹೊಂಟ್ರ ನೀನೂ ಹೊಂಟಂಗ. ರವಿವಾರ ತನಕ ಒಳಗ ಬರಬ್ಯಾಡ."

ಅದು ನನ್ನದೇ ವಾದವಾಗಿತ್ತು. ಅವಳ ಹಿಂದೆ ವೈನಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಆ ವಾರ ಅವಳು ನಕ್ಕಿದ್ದು ಅದೇ ಮೊದಲು.

ಹಾಗಾಗಿ ಎರಡು ದಿನ ನಾನು ಕಾಕೂ ಮನೆಯಲ್ಲಿ, ನಮ್ಮ ಮನೆಯಿಂದ ಹತ್ತು ಹೆಜ್ಜೆ ದೂರದ ಪರದೇಶದಲ್ಲಿದ್ದೆ. ಅಣ್ಣನ ಮಗಳು ರೊಟ್ಟಿ ಬುತ್ತಿ ತಂದು, "ಅತ್ಯಾ, ಅಲ್ಲಿ ಹ್ಯಾಂಗೈತಿ?" ಎಂದು ಕೇಳುತ್ತಿದ್ದಳು.

"ಚಹಾ ಚಲೋ ಐತಿ. ಜನ ಭಾಳ ಪ್ರಶ್ನೆ ಕೇಳ್ತಾರ."

ರವಿವಾರ ಗಾಡಿ ಬಂತು. ವೈನಿ ಬಂದು ಚೀಲ ಬಿಚ್ಚಿ, ದಾಖಲೆಯ ಶಿಕ್ಕಾದ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದಳು. ನನ್ನ ಕೈ ಹಿಡಿದಳು. ತಾಯಿ ಮಗಳು ಹತ್ತಿದರು. ಗಾಡಿ ತಿರುವು ದಾಟುವವರೆಗೆ ಆಯಿ ಹೊಸ್ತಿಲಲ್ಲಿ ನಿಂತಿದ್ದು, ನನ್ನತ್ತ ಕೈಮಾಡಿದಳು. "ಬಾ ಒಳಗ, ವಕೀಲಬಾಯಿ."

ಒಳಗೆ ಅಪ್ಪ ತಕ್ಕಡಿ ಇಳಿಸುತ್ತ, ತಾನು ಮತ್ತೆ ತೆಗೆಸಿದ್ದ ಚಟ್ನಿಯ ಡಬ್ಬಿ ಹುಡುಕುತ್ತಿದ್ದ. ಶನಿವಾರ ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿ ಕಾಕೂ ಮನೆಗೆ ತಂದು ಪ್ರಸ್ಥಾನದ ಚೀಲಕ್ಕೆ ಸೇರಿಸಿದ್ದನ್ನು ಕಂಡವಳು ನಾನೊಬ್ಬಳೇ. ಆ ಚೀಲಕ್ಕೆ ಸೇರಿದ್ದು ಮರಳಿ ಮನೆಗೆ ಬರುವಂತಿಲ್ಲವಲ್ಲ.