ನಾಲ್ಕೂವರೆಯ ಬಸ್ಸು

ಪುರವರದ ಅಕ್ಕನ ಮನೆ ಜಗುಲಿಯಲ್ಲಿ ಅಕ್ಕನ ಮಗಳು ಪಿಯುಸಿ ಅರ್ಜಿ ಹಿಡಿದು ಕೂತಿದ್ದಳು. ಕೊಡಲು ಉಳಿದಿದ್ದದ್ದು ಮಾರನೆಯ ದಿನ ಮಾತ್ರ. ಅವಳಿಗೆ ಸೈನ್ಸ್ ಬೇಕು. ಅಕ್ಕ ಆರ್ಟ್ಸ್ ಬರಿ ಅನ್ನುತ್ತಿದ್ದಳು. ಆ ಒಂದು ಕಾಲಂ ಖಾಲಿಯಿತ್ತು.

“ಮಾಮ, ಹಿಸ್ಟರಿನೇ ಓದ್ಬೇಕು ಅಂತ ನಿಂಗೆ ಯಾವಾಗ ಅನ್ಸಿದ್ದು?”

ಇದಕ್ಕೆ ನನ್ನ ಬಳಿ ಸಿದ್ಧ ಉತ್ತರವಿದೆ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟರು ಮಧುಗಿರಿ ಬೆಟ್ಟ ಹತ್ತಿಸಿದ್ದು, ಕೈಯಿಟ್ಟರೆ ಕೋಟೆಯ ಕಲ್ಲು ಸುಡುತ್ತಿದ್ದದ್ದು, ಇದನ್ನೇ ಓದಬೇಕೆಂದು ಅಲ್ಲೇ ತೀರ್ಮಾನಿಸಿದ್ದು. ಕೆಲಸದ ಸಂದರ್ಶನದಲ್ಲೂ ಇದನ್ನೇ ಹೇಳಿದ್ದೆ. ಅವಳಿಗೂ ಅದನ್ನೇ ಹೇಳಿದೆ.

ಕಡಲೆಕಾಯಿ ಬಿಡಿಸುತ್ತಿದ್ದ ಅಕ್ಕ ನಕ್ಕಳು. “ಬೆಟ್ಟನೂ ಇಲ್ಲ ಗಿಟ್ಟನೂ ಇಲ್ಲ ಕಣ್ಲಾ. ಸೈನ್ಸ್ ತಗಂಡ್ರೆ ಲ್ಯಾಬ್ ಮುಗಿಯೋ ಹೊತ್ಗೆ ಮಧುಗಿರಿಯಿಂದ ಬರೋ ನಾಕೂವರೆ ಬಸ್ಸು ಹೋಗ್ಬುಡ್ತದೆ, ಅದೇ ಕಡೇ ಬಸ್ಸು ಅಂತ ಅಪ್ಪ ಆರ್ಟ್ಸ್ ಬರ್ಸಿದ್ದು. ಎರಡು ದಿನ ಮುದ್ದೆ ಮುಟ್ಲಿಲ್ಲ ನೀನು. ಇವ್ಳಿಗೂ ಅದೇ ಬಸ್ಸೇ ತಾನೆ? ಆರ್ಟ್ಸ್ ಓದಿ ನೀನೇನ್ ಕೆಟ್ಟೋದ್ಯಾ?”

ನಾನೂ ನಕ್ಕೆ. ಆದರೆ ಕೂರಲಾಗದೆ ಎದ್ದು ಓಡಾಡಿದೆ. ಬೆಟ್ಟದ ಆ ನೆನಪಿನಲ್ಲಿ ನಾನು ಪ್ಯಾಂಟು ಹಾಕಿದ್ದೇನೆ; ಹೈಸ್ಕೂಲಿನಲ್ಲಿ ನಮಗಿದ್ದದ್ದು ಚಡ್ಡಿ. ಹಾಗಾದರೆ ಹತ್ತಿದ್ದು ಕಾಲೇಜು ಸೇರಿದ ಮೇಲೆಯೇ? ಆಸೆ ಮೊದಲೋ, ಅರ್ಜಿ ಮೊದಲೋ? ಅಕ್ಕನನ್ನೂ ಪೂರಾ ನಂಬುವಂತಿಲ್ಲ. ಮುದ್ದೆ ಬಿಟ್ಟದ್ದು ಜ್ವರಕ್ಕೆ ಎಂದು ನನ್ನ ನೆನಪು.

“ನಂಗೆ ಅಂಗೆಲ್ಲ ಏನೂ ಆಗಿಲ್ಲ ಮಾಮ,” ಅಂದಳು ಹುಡುಗಿ, ತಪ್ಪು ಒಪ್ಪಿಕೊಳ್ಳುವವಳಂತೆ. “ಮೈಕ್ರೋಸ್ಕೋಪ್‌ನಾಗೆ ಒಂದ್ಸಲ ನೋಡ್ಬೇಕು, ಅಷ್ಟೆ. ನಮ್ ಸ್ಕೂಲಲ್ಲಿ ಅದ್ನ ಬೀರುನಾಗಿಟ್ಟು ಬೀಗ ಹಾಕಿದ್ರು.”

ನನ್ನ ಬೆಟ್ಟದ ಮುಂದೆ ತನ್ನ ಆಸೆ ಚಿಕ್ಕದು ಅಂದುಕೊಂಡಿದ್ದಳು.

“ನಿಮ್ಮಮ್ಮ ಹೇಳಿದ್ದೇ ನಿಜ ಇರ್ಬೋದು ಕಣಮ್ಮ,” ಅಂದೆ. “ನಿಂದೇ ವಾಸಿ. ಏನ್ ನೋಡ್ಬೇಕು ಅಂತಾದ್ರೂ ಗೊತ್ತೈತೆ.”

“ಬಸ್ಸು?” ಅಂದಳು ಅಕ್ಕ.

ಬೆಳಿಗ್ಗೆ ಹುಡುಗಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಮಧುಗಿರಿಗೆ ಹೋದೆ. ಕಾಲೇಜಿಗಿಂತ ಮೊದಲು ಬಸ್ ಸ್ಟ್ಯಾಂಡು. ಪುರವರದ ಕಡೆಗೆ ಸಂಜೆಯ ಕಡೇ ಬಸ್ಸು ಎಷ್ಟು ಹೊತ್ತಿಗೆಂದು ಕಿಟಕಿಯೊಳಗಿದ್ದ ಕಂಟ್ರೋಲರನ್ನು ಕೇಳಿದೆ.

“ಐದೂಮುಕ್ಕಾಲು.”

“ಯಾವಾಗಿಂದ ಬಿಟ್ಟವ್ರೆ?”

“ಮೊದ್ಲಿಂದ್ಲೂ ಐತೆ ಕಣ್ರೀ. ಕಾಲೇಜು ಮುಗಿಸ್ಕಂಡು ನಾನೂ ಅದ್ರಲ್ಲೇ ಹೋಗ್ತಿದ್ದೆ.”

ನೋಡಿದರೆ ನನ್ನದೇ ವಯಸ್ಸು. ಯಾವ ವರ್ಷ ಎಂದು ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿ ಅರ್ಜಿಯನ್ನು ಕಿಟಕಿಯ ಕಟ್ಟೆಯ ಮೇಲೆ ಹರವಿ, ನನ್ನ ಜೇಬಿನ ಪೆನ್ನಿಗೆ ಕೈ ಹಾಕಿದಳು.