ತಾಲ್ಲೂಕಿಲ್ಲದ ಕಚೇರಿಯಲ್ಲಿ ಒಂದು ಕೋಣೆ

ಬಂದ ಮರುದಿನ ಬೆಳಿಗ್ಗೆ ಕಿಟಕಿ ತೆರೆದಾಗ ಮುದುಕರೊಬ್ಬರು ನನ್ನ ಗೋಡೆಯ ಮುಂದೆ ನಿಂತು ಮೆಟ್ಟು ಬಿಚ್ಚುತ್ತಿದ್ದರು. ಮನೆಗೆ ಬಂದವರಿರಬೇಕೆಂದು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಹೋದೆ. ಅವರು ನನ್ನತ್ತ ನೋಡಲೇ ಇಲ್ಲ. ಮೆಟ್ಟು ಕೈಯಲ್ಲಿ ಹಿಡಿದು ಗೋಡೆ ಮುಗಿಯುವವರೆಗೆ ಬರಿಗಾಲಲ್ಲಿ ನಡೆದರು. ಮೂಲೆ ದಾಟಿದ ಮೇಲೆ ಮತ್ತೆ ಮೆಟ್ಟಿಕೊಂಡು ಹೊರಟುಹೋದರು.

ಹಾಲು ತಂದ ಮನೆಯೊಡತಿ ನಿಂಗಮ್ಮನವರನ್ನು ಕೇಳಿದೆ.

“ಕಚೇರಿ ಅಲ್ವೇನವ್ವ, ಅದ್ಕೆ.”

“ಕಚೇರಿ ಈಗ ಇಲ್ಲಲ್ಲರೀ?”

“ಕಚೇರಿ ಓದ್ರೆ ಗೋಡೆನೂ ಓಯ್ತದಾ?”

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಒಳಗಿರುವ ಈ ಊರು ಅಮಲ್ದಾರರ ಕಾಲದಲ್ಲಿ ಹನ್ನೆರಡು ಹಳ್ಳಿಗಳ ಸಣ್ಣ ತಾಲ್ಲೂಕೊಂದಕ್ಕೆ ಮುಖ್ಯಸ್ಥಳವಾಗಿತ್ತು. ನಿಂಗಮ್ಮನವರ ಅತ್ತೆ ಮದುವೆಯಾಗಿ ಬರುವುದಕ್ಕೆ ಮೊದಲೇ ತಾಲ್ಲೂಕು ರದ್ದಾಗಿ ಹಳ್ಳಿಗಳು ಮಳವಳ್ಳಿಗೆ ಸೇರಿದವು. ಕಟ್ಟಡ ಇವರ ಮನೆತನಕ್ಕೆ ಬಂತು. ಊರಿನಲ್ಲಿ ಬೇರೆ ಯಾರೂ ಮದುವೆಯಾಗದ ಹೆಣ್ಣಿಗೆ ಕೋಣೆ ಕೊಡಲು ಒಪ್ಪಲಿಲ್ಲ. ಹಾಗಾಗಿ ಅಮಲ್ದಾರರು ಕೂರುತ್ತಿದ್ದ ಕೋಣೆ ನನ್ನದಾಯಿತು. ಇಷ್ಟು ದೂರ ಯಾಕೆ ಹೋದೆ ಎಂದು ಧಾರವಾಡದಲ್ಲಿ ಕೇಳುವವರಿಗೆ, ಇಲ್ಲಿನ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು ಎನ್ನುತ್ತೇನೆ. ಅದು ಸುಳ್ಳಲ್ಲ.

ನಮ್ಮ ಕಡೆ ಮಕ್ಕಳನ್ನೂ ಬರ್ರಿ, ಕೂಡ್ರಿ ಎಂದು ಕರೆಯುತ್ತೇವೆ. ಇಲ್ಲಿ ಹಾದಿಯಲ್ಲಿ ಸಿಕ್ಕ ಅಪರಿಚಿತರು “ಏನಮ್ಮ, ಉಂಡ್ಯಾ?” ಎನ್ನುತ್ತಾರೆ. ಮೊದಲ ವಾರ ಅದನ್ನು ಅವಮಾನವೆಂದು ಎಣಿಸಿದೆ. ಎರಡನೆಯ ವಾರ, ಇಡೀ ದಿನ ನನ್ನನ್ನು ಊಟದ ಬಗ್ಗೆ ಕೇಳುವವರು ಇವರು ಮಾತ್ರ ಎಂದು ಗೊತ್ತಾಯಿತು. ಜೋಳದ ರೊಟ್ಟಿಯನ್ನು ಜಗಿದು ತಿಂದು ಬೆಳೆದವಳು ರಾಗಿಮುದ್ದೆಯನ್ನೂ ಜಗಿಯಹೋಗಿ ನಗೆಪಾಟಲಾದೆ. “ನುಂಗವ್ವ, ಅದೇನ್ ಕಬ್ಬಾ ಅಗಿಯಕ್ಕೆ!” ಎಂದರು ನಿಂಗಮ್ಮ. ಒಂದು ತಿಂಗಳಿಗೆ ನುಂಗಲು ಕಲಿತೆ. ಇಲ್ಲಿ ನನಗೆ ದಕ್ಕಿದ ಗೆಲುವು ಅದೊಂದೇ.

ಇನ್ನೊಂದು ಗೆಲುವು ಆಗಬಹುದಾಗಿದ್ದವಳು ಜಯಮ್ಮ. ಹನ್ನೆರಡು ಹಳ್ಳಿಗಳಲ್ಲಿ ಕಡೆಯದಾದ ಕೊಪ್ಪಲಿನಿಂದ ನಾಲೆಯ ಏರಿಯ ಮೇಲೆ ಮೂರು ಮೈಲಿ ನಡೆದು ಬರುತ್ತಿದ್ದಳು. ಹತ್ತನೆಯ ತರಗತಿ ತಲುಪಿದ ಕೊಪ್ಪಲಿನ ಮೊದಲ ಹುಡುಗಿ. ಬೀಜಗಣಿತವನ್ನು ನಾನು ಬೋರ್ಡಿನ ಮೇಲೆ ಮುಗಿಸುವ ಮೊದಲೇ ಅವಳು ಮುಗಿಸಿರುತ್ತಿದ್ದಳು. ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಹಾಕಿಕೊಂಡು ನನ್ನ ಗೋಡೆಯ ಮುಂದೆ ಟಪಟಪ ಎಂದು ನಡೆದುಹೋಗುತ್ತಿದ್ದವಳು ಅವಳೊಬ್ಬಳೇ. ಯಾಕೆ ಬಿಚ್ಚುವುದಿಲ್ಲ ಎಂದು ಒಮ್ಮೆ ಕೇಳಿದೆ.

“ಒಳೀಕೆ ಯಾರವ್ರೆ ಅಂತ ಬಿಚ್ಚಲಿ ಮೇಡಮ್ಮೋರೆ?”

“ನಾ ಇದ್ದೀನಲ್ಲವಾ.”

“ನೀವು ನಮ್ಮೋರು ಬುಡಿ” ಎಂದು ನಕ್ಕಳು. ಈ ಊರಿನಲ್ಲಿ ಆ ಮಾತನ್ನು ನನಗೆ ಬೇರೆ ಯಾರೂ ಹೇಳಿಲ್ಲ.

ದೀಪಾವಳಿಯ ನಂತರ ಶಾಲೆಯ ವಾರ್ಷಿಕೋತ್ಸವ. ಬಂದ ಹಿರಿಯರಿಗೆ ವೀಳ್ಯ ಕೊಡುವ ಕೆಲಸ ನನಗೆ ಬಂತು. ಯಾವ ಕ್ರಮದಲ್ಲಿ ಕೊಡಬೇಕೆಂದು ಯಾರೂ ಹೇಳಲಿಲ್ಲ. ಬಲಗೈಯಿಂದ ಉಣ್ಣು ಎಂದು ಯಾರಿಗೂ ಹೇಳುವುದಿಲ್ಲವಲ್ಲ, ಹಾಗೆ. ಸಾಲಿನ ತುದಿಯಲ್ಲಿ ಜಯಮ್ಮನ ತಂದೆ ಕೆಂಚೇಗೌಡರು ಕೂತಿದ್ದರು. ತಲೆ ಪೂರ್ತಿ ನರೆತಿತ್ತು, ಮಗಳು ಶಾಲೆಗೆ ಮೊದಲಿಗಳು. ತಟ್ಟೆಯನ್ನು ಮೊದಲು ಅವರ ಮುಂದೆಯೇ ಹಿಡಿದೆ.

ಅವರು ಕೈ ಹಿಂದಕ್ಕೆ ಎಳೆದುಕೊಂಡರು. “ನನ್ಗಲ್ಲ ಕಣಮ್ಮ. ಅತ್ಲಾಗ್ ಕೊಡಿ.”

ನಮ್ಮ ಕಡೆ ಬೇಡ ಎಂದವರಿಗೆ ಮೂರು ಸಲ ಒತ್ತಾಯ ಮಾಡದಿದ್ದರೆ ಮರ್ಯಾದೆಯಲ್ಲ. “ಹಂಗೇನ ಮಾಡ್ತೀರಿ, ತಗೋರಿ ಅಜ್ಜಾರ” ಎಂದೆ. ಅವರು ತಲೆಯಾಡಿಸಿದರು. ಎಲೆ ಅಡಿಕೆಯನ್ನು ನಾನೇ ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದೆ.

ಊರಿನ ದೊಡ್ಡಗೌಡರು ಮುಂದಿನ ಕುರ್ಚಿಯಿಂದ ಹಿಂದಿರುಗಿ ನೋಡಿದರು. “ಏನ್ಲಾ ಕೆಂಚ, ತಾಲ್ಲೂಕು ನಿಮ್ ಕೊಪ್ಲುಗೇ ಬಂದ್ಬುಡ್ತೇನ್ಲಾ?”

ಎಲ್ಲರೂ ನಕ್ಕರು. ಕೆಂಚೇಗೌಡರು ಮುಚ್ಚಿದ ಮುಷ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಹಾಗೆಯೇ ಕೂತಿದ್ದರು.

ಸೋಮವಾರ ಜಯಮ್ಮ ಬರಲಿಲ್ಲ. ನಿಂಗಮ್ಮ ವಿವರಿಸಿದರು: ಮೊದಲ ವೀಳ್ಯ ಕಚೇರಿಯಿದ್ದ ಊರಿಗೆ, ಆಮೇಲೆ ಒಂದೊಂದೇ ಹಳ್ಳಿಗೆ, ಕಡೆಯದು ಕೊಪ್ಪಲಿಗೆ. ಮೊದಲ ವೀಳ್ಯ ಹಿಡಿದ ತಪ್ಪಿಗೆ ಕೆಂಚೇಗೌಡರು ದೊಡ್ಡಗೌಡರ ಅಂಗಳದಲ್ಲಿ ನಿಂತು ಅದನ್ನು ಹಿಂದಿರುಗಿಸಬೇಕಾಯಿತು. ಒಂದು ವರ್ಷ ಅವರ ಮನೆಯವರು ಈ ಊರಿಗೆ ಕಾಲಿಡಬಾರದೆಂದು ತೀರ್ಮಾನವಾಗಿತ್ತು.

ನಾನು ದೊಡ್ಡಗೌಡರ ಮನೆಗೆ ಹೋದೆ. ಅವರು ಚಾಪೆ ಹಾಕಿಸಿದರು, ಎಳನೀರು ಕೊಡಿಸಿದರು.

“ಇಸ್ಕೂಲಿಗ್ ಬರ್ಬ್ಯಾಡ ಅಂತ ಯಾರಂದೋರು? ಊರಿಗ್ ಬರ್ಬ್ಯಾಡಿ ಅಂದೋ, ಅಷ್ಟೆ.”

“ಶಾಲಿ ಊರಾಗೇ ಐತಲ್ಲರೀ.”

“ಅದ್ಕೆ ನಾವೇನ್ ಮಾಡನ?”

ಮುಖ್ಯೋಪಾಧ್ಯಾಯರು ಹಾಜರಿ ಸಾಲದೆಂದು ಅವಳ ಪರೀಕ್ಷೆಯ ಅರ್ಜಿಯನ್ನು ಕಳಿಸಲಿಲ್ಲ. ಮಳವಳ್ಳಿಗೆ ಹೋಗಿ ಅಧಿಕಾರಿಯೊಬ್ಬರಿಗೆ ದೂರು ಕೊಟ್ಟೆ. ಅವರು ಪೂರ್ತಿ ಓದಿ ಕಾಗದವನ್ನು ನನ್ನ ಕಡೆಗೇ ತಿರುಗಿಸಿದರು. “ಈ ತಾಲ್ಲೂಕು ಈಗ ಇಲ್ಲವೇ ಇಲ್ಲ. ಇಲ್ಲದ ತಾಲ್ಲೂಕಿನ ಕಟ್ಟಳೆಯ ಮೇಲೆ ನಾನು ಯಾರನ್ನು ವಿಚಾರಿಸಲಿ, ನೀವೇ ಹೇಳಿ.” ಅವರು ಹಾಸ್ಯ ಮಾಡುತ್ತಿರಲಿಲ್ಲ.

ಕೊಪ್ಪಲಿಗೂ ನಡೆದುಹೋದೆ. ಕೆಂಚೇಗೌಡರು ಮಜ್ಜಿಗೆ ತರಿಸಿದರು. “ನಿಮ್ ಮ್ಯಾಲೆ ಕ್ವಾಪ ಇಲ್ಲ ಕಣಮ್ಮ. ನೀವು ಪರದೇಸದೋರು. ನಾನೇ ಕೈ ಬಿಗಿಯಾಗ್ ಇಟ್ಕಬೇಕಾಗಿತ್ತು.” ಜಯಮ್ಮ ಬಾಗಿಲ ಹಿಂದಿದ್ದಳು. ಮನೆಯಲ್ಲೇ ಬಂದು ಪಾಠ ಹೇಳುತ್ತೇನೆ, ಮುಂದಿನ ವರ್ಷ ಪರೀಕ್ಷೆಗೆ ಕೂಡು ಎಂದೆ.

“ನೀವು ಇತ್ಲಾಗ್ ಬಂದ್ರೆ ಅಪ್ಪನ್ನ ಇನ್ನೊಂದ್ ವರ್ಷ ಊರಾಚೆ ನಿಲ್ಲುಸ್ತಾರೆ” ಎಂದಳು. “ಒತ್ತಾಯ ಮಾಡ್ಬ್ಯಾಡಿ ಮೇಡಮ್ಮೋರೆ.”

ಮಾಡಲಿಲ್ಲ.

ಬೇಸಿಗೆ ರಜೆಗೆ ಧಾರವಾಡಕ್ಕೆ ಹೋದಾಗ ಪಕ್ಕದ ಮನೆಯವರು ಊಟ ಬೇಡ ಎಂದರು. ಸರಿ ಎಂದು ತಟ್ಟೆ ಎತ್ತಿಟ್ಟೆ. ಅವರು ಹೋದ ಮೇಲೆ ಅವ್ವ, “ಮತ್ತೊಂದು ಸರ್ತಿ ಕೇಳಾಕ ನಿನ್ನ ಬಾಯಿಗೇನಾಗಿತ್ತ? ಯಾವೂರಾಕಿ ಆದಿ ನೀ?” ಎಂದಳು. ಉತ್ತರ ಗೊತ್ತಿದ್ದರೆ ಹೇಳುತ್ತಿದ್ದೆ. ಕೆಂಚೇಗೌಡರ ಮಾತಿನಲ್ಲಿ ನಾನು ಪರದೇಶದವಳು.

ವರ್ಷ ತುಂಬಿದ ವಾರ, ಸಂಜೆ ದಾಟುವ ಮೊದಲು, ಕಿಟಕಿಯಿಂದ ಜಯಮ್ಮ ಕಂಡಳು. ತಲೆಯ ಮೇಲೆ ಹುಲ್ಲಿನ ಹೊರೆ. ಗೋಡೆಯ ಮೂಲೆಗೆ ಬಂದಾಗ ನಿಂತಳು. ಒಂದು ಕೈ ಹೊರೆಗೆ ಕೊಟ್ಟು ಬಗ್ಗಿ, ನೀಲಿ ಪಟ್ಟಿಯ ಚಪ್ಪಲಿಗಳನ್ನು ಕಳಚಿ ಇನ್ನೊಂದು ಕೈಯಲ್ಲಿ ಹಿಡಿದಳು. ಸದ್ದಿಲ್ಲದೆ ನಡೆದು ಗೋಡೆ ದಾಟಿದಳು.

ಕರೆಯಬೇಕೆಂದುಕೊಂಡೆ. ಆದರೆ ಅವಳು ಕಳಚಿದ್ದು ಒಳಗಿರುವವರಿಗಾಗಿ, ಒಳಗೆ ಇದ್ದವಳು ನಾನು.