ಹಸಿರು ಬೋರ್ಡಿನ ಅದಿರು ರಸ್ತೆ

ಹೊಸಪೇಟೆ ಜಿಲ್ಲಾ ಕೇಂದ್ರವಾದ ಮರುವರ್ಷದ ಮಾತು. ಸಂಡೂರು ಸುತ್ತಿನ ಗಣಿಗಳಲ್ಲಿ ಮೂವತ್ತೊಂದು ವರ್ಷ ಸರ್ವೇಯರ್ ಆಗಿ ದುಡಿದು ನಿವೃತ್ತನಾಗಿದ್ದ ನನಗೆ ಆರು ತಿಂಗಳ ಗುತ್ತಿಗೆ ಕೆಲಸವೊಂದು ಸಿಕ್ಕಿತು. ಹಂಪಿ ನೋಡಿ ಸಂಜೆಗೇ ರೈಲು ಹತ್ತುವ ಪ್ರವಾಸಿಗರನ್ನು ಇನ್ನೊಂದು ದಿನ ಹಿಡಿದಿಡಬೇಕೆಂದು ಖಾಸಗಿ ಪ್ರವಾಸ ಸಂಸ್ಥೆಯೊಂದು ಹೊರಟಿತ್ತು. ಅದಕ್ಕಾಗಿ ಸಂಡೂರಿನ ಕಾಡುಗುಡ್ಡದಲ್ಲಿ ಮೌಂಟನ್ ಬೈಕ್ ಹಾದಿಗಳನ್ನು ಮಾಡುವುದೆಂದು ತೀರ್ಮಾನವಾಗಿತ್ತು. ಮೌಂಟನ್ ಬೈಕ್ ಎಂದರೆ ಮೋಟಾರಿನದಲ್ಲ, ದಪ್ಪ ಟೈರಿನ ಗಟ್ಟಿಮುಟ್ಟಾದ ಸೈಕಲ್.

ಹಾದಿಗಳು ಮೂರು. ಕಲಿಯುವವರಿಗೂ ಮಕ್ಕಳಿಗೂ ಹಸಿರು ಬೋರ್ಡು, ಅಭ್ಯಾಸವಿದ್ದವರಿಗೆ ನೀಲಿ, ಗುಂಡಿಗೆ ಗಟ್ಟಿ ಇದ್ದವರಿಗೆ ಕಪ್ಪು. ಟೋಟಲ್ ಸ್ಟೇಷನ್ ಎಂಬ ಯಂತ್ರವನ್ನು ಮುಕ್ಕಾಲಿಯ ಮೇಲಿಟ್ಟು ದೂರ, ಎತ್ತರ, ಇಳಿಜಾರುಗಳನ್ನು ಅಳೆದು ಕೊಡುವುದು ನನ್ನ ಪಾಲಿನ ಕೆಲಸ. ಯಾವ ಹಾದಿಗೆ ಯಾವ ಬಣ್ಣ ಎಂದು ನಿರ್ಧರಿಸಲು ಬೇರೆಯೇ ಒಬ್ಬ ಸಲಹೆಗಾರರಿದ್ದರು.

ಈ ಮಹಾನುಭಾವರ ಬಗ್ಗೆ ಎರಡು ಮಾತು ಹೇಳಲೇಬೇಕು. ಮೊಣಕಾಲಿಗೆ ಕವಚ, ಬೆನ್ನಿಗೆ ನೀರಿನ ಚೀಲ, ಆ ಚೀಲದಿಂದ ಬಾಯಿಗೆ ಒಂದು ನಳಿಗೆ. ಈ ವೇಷದಲ್ಲಿ ಅವರು ಹೊಸಪೇಟೆಯ ಹೋಟೆಲಿನಲ್ಲಿ ಕೂತು, ಮಂಡಕ್ಕಿ ವಗ್ಗಾಣಿಯ ಪಕ್ಕದ ಮಿರ್ಚಿ ಬಜ್ಜಿಯನ್ನು ಹಾವು ಕಂಡವರಂತೆ ಬೇರೆ ತಟ್ಟೆಗೆ ಸರಿಸುತ್ತಿದ್ದರು. ನನ್ನ ಆರು ತಿಂಗಳಲ್ಲಿ ಅವರು ಗುಡ್ಡ ಹತ್ತಿದ್ದು ಎರಡೇ ಸಲ, ಎರಡು ಸಲವೂ ಜೀಪಿನಲ್ಲಿ. ತಮ್ಮ ಸೈಕಲನ್ನು ಬಂಡೆಗೆ ಒರಗಿಸಿ ಫೋಟೊ ತೆಗೆಸಿಕೊಂಡರೇ ಹೊರತು ಅದರ ಮೇಲೆ ಕೂತದ್ದನ್ನು ನಾನು ನೋಡಲಿಲ್ಲ. ಗಾಳಿಯನ್ನು ಮಾತ್ರ ಬಾಯ್ತುಂಬ ಹೊಗಳಿದರು.

ಅವರ ಲೆಕ್ಕಾಚಾರ ಮಗ್ಗಿಗಿಂತ ಸರಳವಾಗಿತ್ತು. ಇಳಿಜಾರು ಕಡಿಮೆ ಇದ್ದರೆ ಹಸಿರು, ಹೆಚ್ಚಿದ್ದರೆ ಕಪ್ಪು. ಗುಡ್ಡದ ಮೇಲೆ ಒಂದು ಹಳೆಯ ಅದಿರು ರಸ್ತೆ ಇತ್ತು. ಗಣಿ ನಡೆಯುತ್ತಿದ್ದಾಗ ಲಾರಿಗಳು ಓಡಾಡಿದ ರಸ್ತೆ. ಎರಡು ಲಾರಿ ಎದುರುಬದುರು ಸಾಗುವಷ್ಟು ಅಗಲ. ನೂರು ಮೀಟರು ಸಾಗಿದರೆ ಐದೇ ಮೀಟರು ಇಳಿಯುತ್ತಿತ್ತು. ಅದು ಹಸಿರಾಯಿತು. ಅದರ ಮೂರನೇ ತಿರುವಿನಿಂದ ಬಂಡೆಗಳ ಮೇಲೆ ನೇರ ಕೆಳಗಿಳಿಯುವ ಕಾಲುದಾರಿಯೊಂದಿತ್ತು. ಅದು ನೂರಕ್ಕೆ ಹದಿನೆಂಟು ಮೀಟರು ಇಳಿಯುತ್ತಿದ್ದುದರಿಂದ ಕಪ್ಪಾಯಿತು. ಏಪ್ರಿಲ್ ಬಿಸಿಲಿನಲ್ಲಿ ಬೆವರು ಸುರಿಸಿ ಅಳೆದ ಅಂಕಿಗಳು ನನ್ನವು, ಒಂದೂ ತಪ್ಪಿರಲಿಲ್ಲ. ಬಣ್ಣ ಬಳಿದ ನಕ್ಷೆಯ ಕೆಳಗೆ 'ಪರಿಶೀಲಿಸಲಾಗಿದೆ' ಎಂಬಲ್ಲಿ ಸಹಿಯನ್ನೂ ಹಾಕಿಕೊಟ್ಟೆ.

ಮಳೆಗಾಲ ಮುಗಿಯುತ್ತಿದ್ದಂತೆ ಉದ್ಘಾಟನೆ ಗೊತ್ತಾಯಿತು. ಕಂಪ್ಲಿಯ ಶಾಲೆಯೊಂದರ ಏಳನೇ ತರಗತಿಯ ಮಕ್ಕಳು ಹಸಿರು ಹಾದಿಯಲ್ಲಿ ಮೊದಲ ಸವಾರಿ ಮಾಡಬೇಕು, ಅದನ್ನು ಕ್ಯಾಮೆರಾದವರು ತೆಗೆಯಬೇಕು. ಇದೂ ಸಲಹೆಗಾರರದೇ ಸಲಹೆ. ಒಂದು ವಾರ ಮೊದಲು ಆ ಶಾಲೆಯ ದೈಹಿಕ ಶಿಕ್ಷಕ ಕೊಟ್ರೇಶ ಹಾದಿ ನೋಡಲು ಬಂದ. ಮೂವತ್ತರ ಆಸುಪಾಸಿನ ಗಟ್ಟಿ ಆಳು. ಕಾಲುವೆ ರಸ್ತೆಯ ಮೇಲೆ ಸೈಕಲ್ ತುಳಿದು ಬೆಳೆದವನು.

"ಸರ್, ನಮ್ಮ ಹುಡುಗರೊಳಗ ಅರ್ಧ ಮಂದಿ ಹೋದ ವರ್ಷ ಸೈಕಲ್ ಕಲ್ತಾರ. ಏನೂ ಆಗಂಗಿಲ್ಲಲ್ರಿ?" ಎಂದು ಕೇಳಿದ.

"ನಾನ ಅಳದೀನಪ್ಪ," ಎಂದೆ. ಆ ಮಾತಿನಲ್ಲಿದ್ದ ಠೇಂಕಾರ ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಸಂಸ್ಥೆಯ ಜೀಪಿನಲ್ಲಿ ಒಂದು ಸೈಕಲ್ ಹಾಕಿಕೊಂಡು ಇಬ್ಬರೂ ಮೇಲೆ ಹೋದೆವು. ಜೀಪನ್ನು ತುದಿಯಲ್ಲಿ ನಿಲ್ಲಿಸಿ ಸೈಕಲ್ ತಳ್ಳಿಕೊಂಡು ಮೂರನೇ ತಿರುವಿನ ತನಕ ನಡೆದೆವು. ಅಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಗಣಿ ರಸ್ತೆಗಳ ಹೊರ ಅಂಚಿಗೆ ಲಾರಿ ಉರುಳದಂತೆ ಮಣ್ಣುಕಲ್ಲಿನ ಒಡ್ಡು ಹಾಕಿರುತ್ತಾರೆ. ತಿರುವಿನಲ್ಲಿದ್ದ ಒಡ್ಡನ್ನು ಯಂತ್ರದಿಂದ ಕೆರೆದು ಸಪಾಟು ಮಾಡಿದ್ದರು. ಕೆಳಗಿನ ಹಳೆಯ ಗಣಿ ಗುಂಡಿಯ ಹಸಿರು ನೀರು ಫೋಟೊದಲ್ಲಿ ಚೆನ್ನಾಗಿ ಕಾಣಲೆಂದು ಸಲಹೆಗಾರರು ಮಾಡಿಸಿದ್ದು. ಒಡ್ಡು ನನ್ನ ಕೆಲಸದ ಪಟ್ಟಿಯಲ್ಲಿರಲಿಲ್ಲವೆಂದು ನಾನು ಸುಮ್ಮನಾದೆ.

ಅಷ್ಟರಲ್ಲಿ ತಲೆಯ ಮೇಲೆ ಸೀತಾಫಲದ ಬುಟ್ಟಿ ಹೊತ್ತ ಐದಾರು ಹೆಂಗಸರು ಕಾಡಿನಿಂದ ಬಂದರು. ಸಂಡೂರು ಸಂತೆಗೆ ಹಣ್ಣು ಮಾರುವವರು. ಮುಂದಿದ್ದವಳು ದುರುಗಮ್ಮ, ಹೆಚ್ಚುಕಮ್ಮಿ ನನ್ನದೇ ವಯಸ್ಸಿನವಳು, ಗಣಿ ದಿನಗಳಿಂದ ಮುಖ ಗೊತ್ತಿದ್ದವಳು. ತಿರುವಿಗೆ ಬಂದೊಡನೆ ಎಲ್ಲರೂ ಚಪ್ಪಲಿ ಬಿಟ್ಟು ಕೈಗೆ ತೆಗೆದುಕೊಂಡರು. ವಿಶಾಲವಾದ ಹಸಿರು ರಸ್ತೆಯತ್ತ ತಿರುಗಿಯೂ ನೋಡದೆ, ಕಪ್ಪು ಬೋರ್ಡಿನ ಪಕ್ಕದ ಬಂಡೆ ದಾರಿಗೆ ಬರಿಗಾಲಲ್ಲಿ ಇಳಿಯತೊಡಗಿದರು. ಇದನ್ನು ನಾನು ಮೂವತ್ತೊಂದು ವರ್ಷವೂ ಜೀಪಿನ ಕಿಟಕಿಯಿಂದ ನೋಡಿದ್ದೆ. ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ.

ಕೇಳಿದವನು ಕೊಟ್ರೇಶ. "ಯವ್ವಾ, ಇಷ್ಟು ದೊಡ್ಡ ರಸ್ತೆ ಬಿಟ್ಟು ಅಲ್ಲ್ಯಾಕ ಇಳೀತೀರಿ?"

ದುರುಗಮ್ಮ ಬುಟ್ಟಿ ಅಲ್ಲಾಡದಂತೆ ಮೈಯನ್ನಷ್ಟೇ ತಿರುಗಿಸಿದಳು. "ಮಳಿ ಆದ ಮ್ಯಾಲ ಆ ರಸ್ತೆ ಉಳ್ಳತೈತಪ್ಪ. ಕಾಲು ಇಟ್ಟಲ್ಲಿ ನಿಲ್ಲಂಗಿಲ್ಲ. ಕಲ್ಲು ಆದ್ರ ಕಾಲು ಹಿಡಿತೈತಿ. ನೀ ಸೈಕಲ್ ತಗಂಡು ಅಲ್ಲಿ ಹೋಗಬ್ಯಾಡ."

ಕೊಟ್ರೇಶ ನನ್ನ ಕಡೆ ನೋಡಿದ. ನಾನು ನಕ್ಕೆ. "ಹೊರೆ ಹೊತ್ತವರ ಲೆಕ್ಕ ಬ್ಯಾರೆ, ಗಾಲಿ ಲೆಕ್ಕ ಬ್ಯಾರೆ. ನೂರಕ್ಕ ಐದು ಇಳಿಜಾರು, ಕೂಸು ಸೈತ ಹೊಡಿತೈತಿ," ಎಂದೆ. ಕೊಟ್ರೇಶ ಸೈಕಲ್ ಹತ್ತಿದ.

ಅವನು ಜೋರಾಗಿ ಹೋಗಲಿಲ್ಲ. ಮಕ್ಕಳು ಹೇಗೆ ಹೋಗುತ್ತಾರೋ ಹಾಗೆ, ಬ್ರೇಕಿನ ಮೇಲೆ ಬೆರಳಿಟ್ಟುಕೊಂಡೇ ಹೋದ. ತಿರುವಿನ ನಡುವೆ ಮುಂದಿನ ಬ್ರೇಕು ಮೆಲ್ಲಗೆ ಹಿಡಿದ, ಅಷ್ಟೇ. ರಾಗಿಯ ರಾಶಿಯ ಮೇಲೆ ಕಾಲಿಟ್ಟಂತೆ ಮುಂದಿನ ಗಾಲಿ ಕೆಳಗಿನಿಂದ ಸರಿದುಹೋಯಿತು. ಬಿದ್ದವನು ನಿಲ್ಲಲಿಲ್ಲ, ರಸ್ತೆಯ ಮೇಲಿನ ಗುಂಡನೆಯ ಅದಿರು ಹರಳುಗಳ ಜೊತೆಗೇ ಅಂಚಿನ ಕಡೆ ಜಾರಿದ. ಒಡ್ಡಿದ್ದಿದ್ದರೆ ಅಲ್ಲೇ ತಡೆಯುತ್ತಿತ್ತು. ಸೈಕಲ್ ಅಂಚು ದಾಟಿ ಗುಂಡಿಗೆ ಬಿದ್ದ ಸದ್ದು ಕೇಳಿಸಿತು. ಕೊಟ್ರೇಶ ಒಂದು ಗಿಡದ ಬುಡ ಹಿಡಿದು, ಸೊಂಟದಿಂದ ಕೆಳಗೆ ಗಾಳಿಯಲ್ಲಿ ಜೋತಾಡುತ್ತಿದ್ದ.

ನಾನು ಓಡಿದೆ. ಎರಡು ಸಲ ಬಿದ್ದೆ. ನಾನೇ ಅಳೆದ ನೂರಕ್ಕೆ ಐದರ ಇಳಿಜಾರಿನಲ್ಲಿ ಕೊನೆಗೆ ಕೈಕಾಲೂರಿ ಅಂಬೆಗಾಲಿಕ್ಕಬೇಕಾಯಿತು. ನಾನು ಮುಟ್ಟುವ ಮೊದಲೇ ದುರುಗಮ್ಮ ಬುಟ್ಟಿ ಇಳಿಸಿ, ಅಂಚಿನ ಹುಲ್ಲಿನ ಮೇಲೇ ಬರಿಗಾಲಲ್ಲಿ ಬಂದು, ಕೊನೆಯ ನಾಲ್ಕು ಹೆಜ್ಜೆ ಕೂತು ಜರುಗಿ ಅವನ ಅಂಗಿ ಹಿಡಿದಿದ್ದಳು. ಉಳಿದ ಹೆಂಗಸರು ಅವಳನ್ನು ಹಿಡಿದಿದ್ದರು. ಎಲ್ಲರೂ ಸೇರಿ ಎಳೆದುಕೊಂಡರು. ಅವನ ಎಡ ಮೊಳಕೈಯ ಕೆಳಗೆ ಮೂಳೆ ಮುರಿದಿತ್ತು. ದುರುಗಮ್ಮ ತಲೆಯ ಸಿಂಬಿ ಬಿಚ್ಚಿ ಆ ಬಟ್ಟೆಯಿಂದಲೇ ಕೈಯನ್ನು ಕೊರಳಿಗೆ ಕಟ್ಟಿದಳು.

ಕಾರಣ ತಿಳಿಯಲು ದೊಡ್ಡ ವಿದ್ಯೆ ಬೇಕಿರಲಿಲ್ಲ. ವರ್ಷಗಟ್ಟಲೆ ಲಾರಿಗಳಿಂದ ಉದುರಿದ ಅದಿರಿನ ಹರಳು ಆ ತಿರುವಿನಿಂದ ಕೆಳಕ್ಕೆ ರಸ್ತೆಯ ತುಂಬ ಇತ್ತು. ಬೇಸಿಗೆಯಲ್ಲಿ ಕೆಂಪು ದೂಳು ಅದನ್ನು ಹಿಡಿದಿಡುತ್ತದೆ. ಮಳೆ ಆ ದೂಳನ್ನು ತೊಳೆದು ಹರಳುಗಳನ್ನಷ್ಟೇ ಬಿಡುತ್ತದೆ. ನಾನು ಅಳೆದದ್ದು ಬೇಸಿಗೆಯಲ್ಲಿ. ಮಕ್ಕಳು ಇಳಿಯಬೇಕಾದದ್ದು ಮಳೆಯ ನಂತರ.

ಕೊಟ್ರೇಶನನ್ನು ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿ ಸಲಹೆಗಾರರಿಗೆ ಫೋನ್ ಮಾಡಿದೆ. ಕೈ ಹೇಗಿದೆ ಎಂದು ಅವರು ಕೇಳಲಿಲ್ಲ.

"ಅದು ರೈಡರ್ ಎರರ್ ಸರ್. ನಿಮ್ಮ ಡಾಟಾ ಕರೆಕ್ಟಾಗಿದೆಯಲ್ಲ? ಹಾಗಿದ್ರೆ ಗ್ರೀನ್ ಗ್ರೀನೇ. ಬೇಕಾದ್ರೆ 'ನಿಮ್ಮ ಹೊಣೆಯಲ್ಲೇ ಸವಾರಿ ಮಾಡಿ' ಅಂತ ಇನ್ನೊಂದು ಬೋರ್ಡ್ ಹಾಕಿಸೋಣ."

ಏಳನೇ ತರಗತಿಯ ಮಕ್ಕಳ ಹೊಣೆಯನ್ನು ಮಕ್ಕಳಿಗೇ ಹೊರಿಸಲು ಒಂದು ತಗಡು ಸಾಕೆಂದು ನಂಬಿದ್ದ ಮನುಷ್ಯ! ಮಾರನೆಯ ದಿನ ನನ್ನ ಸಹಿ ಹಿಂತೆಗೆದುಕೊಂಡಿರುವುದಾಗಿ ಪತ್ರ ಬರೆದು ಕೊಟ್ಟೆ. ಸರ್ವೇಯರ್ ಸಹಿ ಇಲ್ಲದೆ ವಿಮೆಯವರು ಒಪ್ಪುವಂತಿರಲಿಲ್ಲ. ಸಂಸ್ಥೆಯವರು ಕೂಡಲೇ ಸಭೆ ಕರೆದರು.

"ಇಳಿಜಾರು ಬದಲಾಗಿಲ್ಲ. ಮತ್ತೆ ಯಾವ ಆಧಾರದ ಮೇಲೆ ಸಹಿ ವಾಪಸ್?" ಎಂದರು ಸಲಹೆಗಾರರು.

"ಸೀತಾಫಲ ಮಾರುವವರು ಆ ರಸ್ತೆಯಲ್ಲಿ ನಡೆಯುವುದಿಲ್ಲ. ಅದೇ ಆಧಾರ," ಎಂದೆ. ಅವರು ನಕ್ಕು ಉಳಿದವರ ಮುಖ ನೋಡಿದರು. ನಾನು ಜೇಬಿನಿಂದ ಒಂದು ಮುಷ್ಟಿ ಹರಳು ತೆಗೆದು ಮೇಜಿನ ಮೇಲೆ ಸುರಿದೆ. ನೀರಿನ ಲೋಟ ಅದರ ಮೇಲಿಟ್ಟು ಬೆರಳಿಂದ ತಳ್ಳಿದೆ. ಲೋಟ ಸರ್ರನೆ ಹೋಗಿ ಅವರ ಲ್ಯಾಪ್‌ಟಾಪಿನ ಮೇಲೆ ಚೆಲ್ಲಿತು. ಅವರು ಹೌಹಾರಿ ಎದ್ದು ಅದನ್ನು ಒರೆಸತೊಡಗಿದರು. ಆ ಗುಡ್ಡದ ಬಗ್ಗೆ ಅವರು ತೋರಿಸಿದ ಮೊದಲ ಕಾಳಜಿ ಅದೇ.

ಅದಿರು ರಸ್ತೆಗೆ ಮುಳ್ಳುಬೇಲಿ ಬಿತ್ತು. ಮಕ್ಕಳ ಸವಾರಿ ಕಂಪ್ಲಿಯ ಕಾಲುವೆ ದಂಡೆಗೆ ಬದಲಾಯಿತು. ಆ ಮಕ್ಕಳು ದಿನವೂ ಶಾಲೆಗೆ ಸೈಕಲ್ ತುಳಿಯುವ ದಾರಿಯೇ ಅದು. ಸಲಹೆಗಾರರು ಅದಕ್ಕೂ ಹಸಿರು ಬೋರ್ಡು ಬರೆಸಿ ತಮ್ಮ ಹೊಸ ವಿನ್ಯಾಸವೆಂದು ವರದಿಯಲ್ಲಿ ಸೇರಿಸಿದರು. ನಾಚಿಕೆ ಅವರ ವಿದ್ಯಾಭ್ಯಾಸದಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಇಷ್ಟೆಲ್ಲ ಗೆದ್ದವನಂತೆ ಆಸ್ಪತ್ರೆಗೆ ಹೋಗಿ ಕೊಟ್ರೇಶನಿಗೆ ವಿವರಿಸಿದೆ. ಸಹಿ ಹಿಂತೆಗೆದುಕೊಂಡದ್ದನ್ನು ತುಸು ಒತ್ತಿಯೇ ಹೇಳಿದೆ. ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಅವನು ಕೇಳಿಸಿಕೊಂಡ.

"ಭಾಳ ಚಲೋ ಆತ್ರಿ ಸರ್, ಹುಡುಗರು ಉಳದ್ರು," ಎಂದ. ಆಮೇಲೆ, "ಆದ್ರ ಆ ಯವ್ವ ಬ್ಯಾಡ ಅಂದಾಗ ನಾನೂ ಇಳಿಯಾಕ ಮನಸ್ಸು ಮಾಡಿರಲಿಲ್ರಿ. ನಿಮ್ಮ ಮಾರಿ ನೋಡಿದೆ. ನೀವು ನಕ್ರಿ. ಅದಕ್ಕ ಹತ್ತಿದೆ," ಎಂದ.

ಬೈಯುವ ದನಿಯಲ್ಲಿ ಹೇಳಲಿಲ್ಲ. ನಡೆದದ್ದನ್ನು ಹೇಳಿದ, ಅಷ್ಟೇ. ಯಂತ್ರಕ್ಕೆ ಕಾಣದ್ದನ್ನು ಆ ನೆಲದ ಮೇಲೆ ನಡೆಯುವವರನ್ನು ಕೇಳಿ ತಿಳಿಯಬೇಕೆಂಬುದು ಮೂವತ್ತೊಂದು ವರ್ಷ ಕಲಿಯದ ಪಾಠ. ನಿವೃತ್ತನಾದ ಮೇಲೆ, ಅದೂ ಬೇರೊಬ್ಬನ ಮೂಳೆ ಮುರಿದು, ಕಲಿತೆ. ಸಲಹೆಗಾರರನ್ನು ಇಲ್ಲಿಯ ತನಕ ಮನಸಾರೆ ಆಡಿಕೊಂಡಿದ್ದೇನೆ, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ದುರುಗಮ್ಮನ ಮಾತಿಗೆ ಆ ತಿರುವಿನಲ್ಲಿ ನಕ್ಕವರು ಅವರಲ್ಲ, ನಾನು.